ಅಪ್ಪನ ಬೀರುವಿನಲ್ಲಿ ಸಿಕ್ಕ ಕ್ಯಾಮೆರಾಗಳು: ಫಂಗಸ್ ಬಂದಿದೆ, ಮಾರೋದಾ ಇಟ್ಟುಕೊಳ್ಳೋದಾ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದರು. ಅದು ಮುಚ್ಚಿ ಹದಿನೈದು ವರ್ಷದ ಮೇಲಾಯಿತು. ಕಳೆದ ವರ್ಷ ಅಪ್ಪ ತೀರಿಕೊಂಡರು. ಈಗ ಅವರ ಬೀರು ತೆಗೆದರೆ ಒಂದು ನಿಕಾನ್ ಎಫ್‌ಎಂ2, ಅದರ 50 ಎಂಎಂ ಎಫ್ 1.8 ಮತ್ತು 105 ಎಂಎಂ ಎಫ್ 2.5 ಲೆನ್ಸ್‌ಗಳು, ಒಂದು ಯಾಶಿಕಾ ಮ್ಯಾಟ್ 124ಜಿ, ಎರಡು ಹಳೇ ಫ್ಲ್ಯಾಶ್ ಸಿಕ್ಕಿವೆ. ಎರಡೂ ನಿಕಾನ್ ಲೆನ್ಸ್‌ಗಳ ಒಳಗೆ ಬಿಳಿ ಎಳೆಗಳು ಕಾಣುತ್ತಿವೆ. ಫಂಗಸ್ (ಬೂಷ್ಟು) ಬೇರೆ ಲೆನ್ಸ್‌ಗೂ ಹರಡುತ್ತದೆ, ಬಿಸಾಡು ಎನ್ನುತ್ತಾರೆ ಭಾವ. ಬಿಸಿಲಿಗಿಟ್ಟರೆ ಸಾಕು ಅನ್ನುವವರೂ ಇದ್ದಾರೆ. ಊರಿನ ಪರಿಚಯದವರೊಬ್ಬರು ಎಲ್ಲಾ ಸೇರಿ 12 ಸಾವಿರ ಕೊಡುತ್ತಾರಂತೆ. ಆನ್‌ಲೈನ್‌ನಲ್ಲಿ ನೋಡಿದರೆ ಎಫ್‌ಎಂ2 ಒಂದಕ್ಕೇ ಅದರ ಎರಡು ಪಟ್ಟು ಕೇಳುತ್ತಿದ್ದಾರೆ. ಇವನ್ನೆಲ್ಲ ಮಾರಿ, ಹಕ್ಕಿ ಫೋಟೋ ತೆಗೆಯಲು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ7200 ಡಿಜಿಟಲ್ ಕ್ಯಾಮೆರಾ ಕೊಳ್ಳುವ ಆಸೆ. ಒಂದು ಸಿಕ್ಕಿದೆ, ‘ಶಟರ್ ಕೌಂಟ್ ಬರೀ 18 ಸಾವಿರ’, ಅಂದರೆ ಇದುವರೆಗೆ ತೆಗೆದದ್ದು ಅಷ್ಟೇ ಫೋಟೋ, ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಆ 12 ಸಾವಿರಕ್ಕೆ ಈಗಲೇ ಹೂಂ ಅನ್ನಬೇಡಿ. ಹಾಗಂತ ಆನ್‌ಲೈನ್‌ನಲ್ಲಿ ಕಂಡ ಬೆಲೆ ನಿಮ್ಮ ಕೈಗೆ ಬರುತ್ತದೆ ಎಂದು ಲೆಕ್ಕ ಹಾಕಿಕೊಳ್ಳಲೂಬೇಡಿ. ನಿಮ್ಮ ಸಾಮಾನಿನ ಬೆಲೆ ಎಷ್ಟು ಅನ್ನೋದು ಸದ್ಯಕ್ಕೆ ನಿಮಗೂ ಗೊತ್ತಿಲ್ಲ, ಕೊಳ್ಳಲು ಬಂದವರಿಗೂ ಗೊತ್ತಿಲ್ಲ. ಫಂಗಸ್ ಎಲ್ಲಿವರೆಗೆ ಹೋಗಿದೆ ಎಂದು ನೋಡಿದ ಮೇಲೆಯೇ ಅದು ತಿಳಿಯುವುದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಭಾವನವರ ಭಯ ತುಂಬಾ ಜನರಿಗಿದೆ. ಫಂಗಸ್ ಬಂದ ಲೆನ್ಸನ್ನು ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೈ ದೂರ ಚಾಚಿ ಹಿಡಿದುಕೊಂಡು ನನ್ನ ಅಂಗಡಿಗೆ ಬರುವವರಿದ್ದಾರೆ. ಅಷ್ಟೆಲ್ಲ ಹೆದರಬೇಕಿಲ್ಲ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಡೆಯೂ ಇರುತ್ತವೆ. ನೀವು ಇವತ್ತು ಡಬ್ಬಿ ಒಡೆದ ಹೊಸ ಲೆನ್ಸಿನ ಮೇಲೂ ಇರುತ್ತವೆ. ಅವು ಮೊಳೆಯಬೇಕಾದರೆ ತೇವ ಬೇಕು. ಗಾಳಿಯ ತೇವಾಂಶ ಶೇ 60–65 ದಾಟಿ, ದಿನಗಟ್ಟಲೆ ಹಾಗೇ ನಿಂತರೆ ಅವುಗಳ ಕೆಲಸ ಶುರು. ತಿನ್ನಲು ಒಂದಿಷ್ಟು ಧೂಳು, ಬೆರಳಿನ ಜಿಡ್ಡು ಸಾಕು. ಮಲೆನಾಡಿನ ಮಳೆಗಾಲದಲ್ಲಿ ಬಾಗಿಲು ಮುಚ್ಚಿದ ಬೀರು ಇದೆಲ್ಲವನ್ನೂ ಒಟ್ಟಿಗೆ ಒದಗಿಸುತ್ತದೆ. ನಿಮ್ಮ ಎರಡು ಲೆನ್ಸ್‌ಗಳೂ ಒಂದೇ ಬೀರುವಿನಲ್ಲಿ ಅಷ್ಟೂ ಮಳೆಗಾಲ ಕಳೆದಿವೆ. ಅದಕ್ಕೇ ಎರಡಕ್ಕೂ ಬಂದಿದೆ, ಒಂದರಿಂದ ಇನ್ನೊಂದಕ್ಕೆ ಅಂಟಿದ್ದಲ್ಲ. ಒಣ ಜಾಗದಲ್ಲಿದ್ದರೆ ಫಂಗಸ್ ಬಂದ ಲೆನ್ಸಿನ ಪಕ್ಕದಲ್ಲಿಟ್ಟ ಒಳ್ಳೆಯ ಲೆನ್ಸ್‌ಗೆ ಏನೂ ಆಗುವುದಿಲ್ಲ. ಒದ್ದೆ ಬ್ಯಾಗಿನಲ್ಲಿ ಒಂಟಿಯಾಗಿಟ್ಟ ಲೆನ್ಸ್ ಕೂಡ ಹಾಳಾಗುತ್ತದೆ. ಸ್ವಚ್ಛ ಮಾಡಿಸುವ ತನಕ ಬೇರೆ ಇಡಿ, ತಪ್ಪೇನಿಲ್ಲ. ಬಿಸಾಡುವ ಮಾತು ಮಾತ್ರ ಬೇಡ.

ಹಳೇ ಸ್ಟುಡಿಯೋ ಸಾಮಾನು ಅಂದಮೇಲೆ ಕ್ಯಾಮೆರಾಗಳು ಚರ್ಮದ ಕೇಸಿನಲ್ಲೇ ಇರಬೇಕು, ಅಲ್ವಾ? ಮೊದಲು ಅದರಿಂದ ಹೊರಗೆ ತೆಗೆಯಿರಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟಿಗೆ ಊಟವೂ ಅದೇ. ಕೇಸ್ ಬಿಸಾಡಬೇಡಿ, ಮಾರುವಾಗ ಸಂಗ್ರಹಕಾರರು ಕೇಳುತ್ತಾರೆ. ಒಣಗಿಸಿ, ಒರೆಸಿ, ಬೇರೆ ಕಡೆ ಇಟ್ಟರಾಯಿತು.

ಬಿಸಿಲಿನ ಮಾತು ಅರ್ಧ ನಿಜ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಜೀವ ಇರುವ ಫಂಗಸ್ ಸಾಯಬಹುದು. ಆದರೆ ಸತ್ತ ಎಳೆಗಳು ಗಾಜಿನ ಮೇಲೆ ಹಾಗೇ ಉಳಿಯುತ್ತವೆ. ಮುಂದಿನ ಮಳೆಗಾಲಕ್ಕೆ ಹೊಸದು ಬರುವುದನ್ನು ಬಿಸಿಲು ತಡೆಯುವುದೂ ಇಲ್ಲ. ಅದರ ಮೇಲೆ, ಸುಡುಬಿಸಿಲಿನಲ್ಲಿ ಲೆನ್ಸಿನೊಳಗಿನ ಗ್ರೀಸು ಕರಗಿ, ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಅಪರ್ಚರ್ ಎಲೆಗಳ ಮೇಲೆ ಹರಿಯುತ್ತದೆ. ಮುಚ್ಚಳ ತೆಗೆದು ಕಿಟಕಿಯಲ್ಲಿಟ್ಟ ಲೆನ್ಸ್ ಭೂತಗನ್ನಡಿಯ ಕೆಲಸ ಮಾಡಿ ಪರದೆ ಸುಟ್ಟೀತು, ಎಚ್ಚರ. ಇನ್ನು ಬೀರುವಿನಲ್ಲಿ ನುಸಿಗುಳಿಗೆ, ಕರ್ಪೂರ ಇಡುವ ಅಭ್ಯಾಸ. ಬಟ್ಟೆಗೆ ಸರಿ, ಲೆನ್ಸ್‌ಗೆ ಬೇಡ. ಅವು ಆವಿಯಾಗಿ ಗಾಜಿನ ಮೇಲೆ ಮಸುಕಾಗಿ ಕೂರುತ್ತವೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದರಿಂದ ಅಕ್ಕಿಯ ಹಿಟ್ಟು ಫೋಕಸ್ ರಿಂಗಿನೊಳಗೆ ಸೇರಿಕೊಳ್ಳುತ್ತದೆ, ಅಷ್ಟೇ.

ಈಗ ಟಾರ್ಚ್ ಹಿಡಿಯಿರಿ. ಮೊಬೈಲಿನದ್ದೇ ಸಾಕು. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಅಪರ್ಚರ್ ರಿಂಗನ್ನು ಅತಿ ಸಣ್ಣ ಅಂಕಿಗೆ ತಿರುಗಿಸಿ. ಒಂದರಲ್ಲಿ 1.8, ಇನ್ನೊಂದರಲ್ಲಿ 2.5. ಆಗ ಒಳಗಿನ ಎಲೆಗಳು ಪೂರ್ತಿ ತೆರೆಯುತ್ತವೆ. ಕತ್ತಲೆ ಕೋಣೆಯಲ್ಲಿ, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಆಮೇಲೆ ತಿರುಗಿಸಿ ಹಿಂದಿನಿಂದ ನೋಡಿ. ನೇರ ಬೆಳಕಿನಲ್ಲಿ ಎಂಥ ಒಳ್ಳೆಯ ಲೆನ್ಸಿನಲ್ಲೂ ಧೂಳಿನ ಜಾತ್ರೆ ಕಾಣುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಧೂಳು ಚುಕ್ಕಿ ಚುಕ್ಕಿಯಾಗಿರುತ್ತದೆ. ಫಂಗಸ್ ಅಂಚಿನಿಂದ ಶುರುವಾಗಿ ಬೇರಿನ ಹಾಗೆ ಕವಲೊಡೆಯುತ್ತದೆ. ಇಡೀ ಗಾಜು ಹಾಲು ಸವರಿದಂತೆ ಮಂಕಾಗಿದ್ದರೆ ಅದು ಗ್ರೀಸಿನ ಆವಿ ಕೂತ ಮಬ್ಬು, ಬೇರೆಯೇ ತೊಂದರೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ತೇಪೆ ಕಂಡರೆ ಗಾಜುಗಳನ್ನು ಕೂಡಿಸಿದ ಅಂಟು ಬಿಡುತ್ತಿದೆ ಎಂದು ಲೆಕ್ಕ.

ಈ ಅಂಟಿನ ವಿಷಯ ಮುಖ್ಯ. ನಿಮ್ಮ 105ರಲ್ಲಿ 5 ಗಾಜುಗಳಿವೆ, ಗುಂಪು 4. ಅಂದರೆ ಒಂದು ಕಡೆ ಎರಡು ಗಾಜುಗಳನ್ನು ಅಂಟಿಸಿ ಒಂದು ಮಾಡಿದ್ದಾರೆ. ಮಿಕ್ಕ ಗಾಜುಗಳ ನಡುವೆ ಬರೀ ಗಾಳಿ. ಆ ಗಾಳಿ ಇರುವ ಜಾಗದಲ್ಲಿ ಫಂಗಸ್ ಇದ್ದರೆ ಲೆನ್ಸ್ ಬಿಚ್ಚಿ ಒರೆಸಿ ತೆಗೆಯಬಹುದು. ಅಂಟಿಸಿದ ಜೋಡಿಯ ನಡುವೆ ಹೊಕ್ಕಿದ್ದರೆ ಅಂಟು ಬಿಡಿಸಿ, ತೊಳೆದು, ಎರಡೂ ಗಾಜುಗಳ ನಡುಮಧ್ಯ ಸರಿಯಾಗಿ ಕೂರುವಂತೆ ಮತ್ತೆ ಅಂಟಿಸಬೇಕು. ಆ ಕೆಲಸ ಮಾಡುವವರು ಕಡಿಮೆ, ಮಾಡಿಸಿದರೂ ಈ ಲೆನ್ಸ್‌ಗೆ ಖರ್ಚು ಹುಟ್ಟುವುದಿಲ್ಲ.

ಇನ್ನೊಂದು ಸಂಗತಿ ಬಿಚ್ಚುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಫಂಗಸ್ ಬೆಳೆಯುತ್ತಾ ಆಮ್ಲ ಬಿಡುತ್ತದೆ. ಅದು ಗಾಜಿನ ಮೇಲಿನ ಕೋಟಿಂಗನ್ನು, ಬಹಳ ವರ್ಷ ಬಿಟ್ಟರೆ ಗಾಜನ್ನೂ ತಿನ್ನುತ್ತದೆ. ಆಗ ಎಳೆಗಳನ್ನು ಒರೆಸಿ ತೆಗೆದರೂ ಅವುಗಳ ಗುರುತು ಉಳಿಯುತ್ತದೆ. ಹಾಗಾಗಿ ಲೆನ್ಸ್ ಬಿಚ್ಚುವ ಮೊದಲೇ ‘ಹೊಸದರ ಹಾಗೆ ಮಾಡಿಕೊಡುತ್ತೇನೆ’ ಎನ್ನುವ ರಿಪೇರಿಯವರ ಮಾತು ನಾನಾದರೆ ನಂಬುವುದಿಲ್ಲ. ‘ಬಿಚ್ಚಿ ನೋಡುತ್ತೇನೆ, ಗುರುತು ಉಳಿಯಬಹುದು’ ಎನ್ನುವವರ ಕೈಗೆ ಕೊಡಿ.

ಸಣ್ಣ ಗುರುತು ಉಳಿದರೆ ಫೋಟೋ ಹಾಳಾಗುತ್ತದಾ? ಸಾಮಾನ್ಯವಾಗಿ ಇಲ್ಲ. ಅಂಚಿನ ಒಂದೆರಡು ಎಳೆ ಚಿತ್ರದಲ್ಲಿ ಕಾಣುವುದೇ ಇಲ್ಲ. ಜಾಸ್ತಿ ಇದ್ದರೆ ಚಿತ್ರ ಮಂಕಾಗುತ್ತದೆ, ಅದೂ ಬೆಳಕಿಗೆ ಎದುರಾಗಿ ತೆಗೆದಾಗ ಮೊದಲು ಗೊತ್ತಾಗುತ್ತದೆ. ಹಿಂದಿನ ಗಾಜಿನ ಕಲೆ ಮುಂದಿನ ಗಾಜಿನ ಕಲೆಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಕೊಳ್ಳುವವರು ಮಾತ್ರ ಇದ್ಯಾವುದನ್ನೂ ಕೇಳುವುದಿಲ್ಲ. ‘ಫಂಗಸ್’ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಬೆಲೆ ಇಳಿಯುತ್ತದೆ.

ಹಾಗಾದರೆ ಎರಡೂ ಲೆನ್ಸ್ ಸ್ವಚ್ಛ ಮಾಡಿಸಬೇಕಾ? ನನ್ನ ಅಭಿಪ್ರಾಯ ಬೇರೆ ಬೇರೆ. 50 ಎಂಎಂ ಎಫ್ 1.8 ಲೆಕ್ಕವಿಲ್ಲದಷ್ಟು ತಯಾರಾದ ಲೆನ್ಸ್. ಚೊಕ್ಕಟವಾದದ್ದು ಸುಲಭವಾಗಿ ಸಿಗುತ್ತದೆ. ರಿಪೇರಿಯ ಖರ್ಚು ಅದರ ಬೆಲೆಯ ಅರ್ಧ ದಾಟುವುದಾದರೆ ಬಿಟ್ಟುಬಿಡಿ. 105 ಎಫ್ 2.5 ಹಾಗಲ್ಲ. ನಿಕಾನ್ ಮಾಡಿದ ಒಳ್ಳೆಯ ಪೋರ್ಟ್ರೇಟ್ ಲೆನ್ಸ್‌ಗಳಲ್ಲಿ ಅದೊಂದು. 1984ರಲ್ಲಿ ಸ್ಟೀವ್ ಮೆಕ್‌ಕರಿ ತೆಗೆದ ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಚಿತ್ರ ನೋಡಿರುತ್ತೀರಿ. ಅದನ್ನು ತೆಗೆದದ್ದು ನಿಮ್ಮ ಬೀರುವಿನಲ್ಲಿರುವ ಜೋಡಿಯಿಂದಲೇ: ಎಫ್‌ಎಂ2 ಮತ್ತು 105 ಎಫ್ 2.5. ಆ ಕಾರಣಕ್ಕೂ ಅದಕ್ಕೆ ಇವತ್ತಿಗೂ ಗಿರಾಕಿ ಇದ್ದಾರೆ. ಅಂಟಿನ ನಡುವೆ ಫಂಗಸ್ ಇಲ್ಲ ಅಂತಾದರೆ ಅದನ್ನು ಖಂಡಿತ ಸ್ವಚ್ಛ ಮಾಡಿಸಿ.

ವಿಡಿಯೋ ನೋಡಿ ಮನೆಯಲ್ಲೇ ಬಿಚ್ಚುವ ಯೋಚನೆ ಇದ್ದರೆ, ಬೇಡ. ಹೈಡ್ರೋಜನ್ ಪೆರಾಕ್ಸೈಡ್, ಅಮೋನಿಯಾ ಹಾಕಿ ಒರೆಸುವುದೇನೋ ಕಷ್ಟವಲ್ಲ. ಕಷ್ಟ ಇರುವುದು ಬಿಚ್ಚುವುದರಲ್ಲಿ. ರಿಂಗ್ ತಿರುಗಿಸುವ ಸ್ಪ್ಯಾನರ್ ಒಂದು ಸಲ ಜಾರಿದರೆ ಗಾಜಿನ ಮೇಲೆ ಗೀರು. ಗಾಜು ತಿರುವುಮುರುವಾಗಿ ಕೂತರೆ ಯಾವುದೂ ಫೋಕಸ್ ಆಗುವುದಿಲ್ಲ. ಫಂಗಸ್ ಲೆನ್ಸ್‌ಗೆ ಒಂದಿಷ್ಟು ಬೆಲೆ ಇದೆ, ಗೀರು ಬಿದ್ದ ಲೆನ್ಸ್‌ಗೆ ಅದೂ ಇಲ್ಲ.

ಲೆನ್ಸಿನ ಹಿಂಬದಿಯಲ್ಲಿ ಒಂದು ಸಣ್ಣ ಲಿವರ್ ಇದೆ. ರಿಂಗನ್ನು 16ಕ್ಕೆ ಇಟ್ಟು ಆ ಲಿವರನ್ನು ಬೆರಳಿನಿಂದ ತಳ್ಳಿ ಬಿಡಿ. ಎಲೆಗಳು ಚಟ್ಟನೆ ಮುಚ್ಚಬೇಕು. ನಿಧಾನಕ್ಕೆ ಮುಚ್ಚಿದರೆ ಎಣ್ಣೆ ಹರಿದಿದೆ ಎಂದರ್ಥ. ಅದನ್ನೂ ರಿಪೇರಿಯವರಿಗೆ ಹೇಳಿ, ಎರಡು ಸಲ ಬಿಚ್ಚಿಸುವುದು ತಪ್ಪುತ್ತದೆ.

ಕ್ಯಾಮೆರಾಗಳ ವಿಷಯಕ್ಕೆ ಬರೋಣ. ಎಫ್‌ಎಂ2 1982ರಲ್ಲಿ ಬಂತು, 2001ರವರೆಗೂ ತಯಾರಾಯಿತು. ಶಟರ್ ಪೂರ್ತಿ ಯಾಂತ್ರಿಕ. ಬ್ಯಾಟರಿ ಇಲ್ಲದೆಯೂ 1/4000 ಸೆಕೆಂಡ್‌ವರೆಗೆ ಎಲ್ಲ ವೇಗಗಳೂ ಓಡುತ್ತವೆ. ಎರಡು ಎಲ್‌ಆರ್44 ಸೆಲ್ ಬೇಕಾಗುವುದು ಬೆಳಕಿನ ಮೀಟರಿಗೆ ಮಾತ್ರ. ಹಾಗಾಗಿ ಮೀಟರ್ ಸತ್ತಿದ್ದರೂ ಗುಜರಿಗೆ ಹಾಕುವ ಸಾಮಾನು ಇದಲ್ಲ. 1 ಸೆಕೆಂಡಿಗಿಟ್ಟು ಶಟರ್ ಒತ್ತಿ, ಎಳೆದೆಳೆದು ಎರಡು ಸೆಕೆಂಡ್ ತೆಗೆದುಕೊಂಡರೆ ಸರ್ವಿಸ್ ಬೇಕು. ಹಿಂದಿನ ಬಾಗಿಲಿನ ಅಂಚಿನ ಕಪ್ಪು ಸ್ಪಂಜು ಈ ವಯಸ್ಸಿಗೆ ಟಾರಿನಂತೆ ಅಂಟಂಟಾಗಿರುತ್ತದೆ. ಅದು ಅಗ್ಗದ ರಿಪೇರಿ. ಶಟರಿನ ಲೋಹದ ಎಲೆಗಳನ್ನು ಮಾತ್ರ ಬೆರಳಿನಿಂದ ಮುಟ್ಟಬೇಡಿ.

ಯಾಶಿಕಾ ಮ್ಯಾಟ್ 124ಜಿ ಒಂದು ಕಾಲದಲ್ಲಿ ನಮ್ಮ ಸ್ಟುಡಿಯೋಗಳ ನೆಚ್ಚಿನ ಕ್ಯಾಮೆರಾ. ಎರಡು ಲೆನ್ಸ್‌ಗಳಲ್ಲಿ ಮೇಲಿನದು ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ. ಫಂಗಸ್ ಮೇಲಿನದರಲ್ಲಿ ಮಾತ್ರ ಇದ್ದರೆ ಚಿತ್ರಕ್ಕೆ ಏನೂ ತೊಂದರೆಯಿಲ್ಲ. ಅದರ ಮೀಟರಿಗೆ 1.35 ವೋಲ್ಟಿನ ಪಾದರಸದ ಸೆಲ್ ಬೇಕಿತ್ತು, ಅದು ಈಗ ಬರುವುದಿಲ್ಲ. ಅಂಗಡಿಯವರು ಕೊಡುವ 1.5 ವೋಲ್ಟಿನ ಸೆಲ್ ಹಾಕಿದರೆ ಮುಳ್ಳು ಬೆಳಕು ಜಾಸ್ತಿ ಇದೆ ಎಂದು ತೋರಿಸಿ, ಚಿತ್ರ ಕಪ್ಪಾಗುವಂತೆ ಮಾಡುತ್ತದೆ. ಮೀಟರ್ ‘ಓಡುತ್ತದೆ’ ಎಂದು ಹೇಳಿ ಮಾರುವ ಮೊದಲು ಇದು ಗೊತ್ತಿರಲಿ. ಫ್ಲ್ಯಾಶ್‌ಗಳಿಗೆ ಬೆಲೆ ಬರುವುದಿಲ್ಲ. ಅವನ್ನು ಮುಂದೆ ಕೊಳ್ಳುವ ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸಲೂಬೇಡಿ. ಹಳೇ ಫ್ಲ್ಯಾಶ್‌ಗಳಲ್ಲಿ ಕೆಲವು ಹಾಟ್ ಶೂ (ಕ್ಯಾಮೆರಾದ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ) ಮೂಲಕ 250 ವೋಲ್ಟಿಗಿಂತ ಜಾಸ್ತಿ ಬಿಡುತ್ತವೆ, ಕ್ಯಾಮೆರಾದ ಸರ್ಕ್ಯೂಟ್ ಸುಡುತ್ತದೆ.

ಬೆಲೆಯ ಮಾತು. 2022ರ ಜೂನ್‌ನಲ್ಲಿ ಜರ್ಮನಿಯ ವೆಟ್ಜ್ಲಾರ್‌ನಲ್ಲಿ ಒಂದು ಲೈಕಾ ಕ್ಯಾಮೆರಾ 1.44 ಕೋಟಿ ಯೂರೋಗೆ ಹರಾಜಾಯಿತು. ಆ ಸುದ್ದಿ ಬಂದ ಮೇಲೆ ಅಜ್ಜನ ಕ್ಯಾಮೆರಾ ಹಿಡಿದುಕೊಂಡು ಬಂದವರಿಗೆ ಲೆಕ್ಕವಿಲ್ಲ. ಅದು ಲೈಕಾವನ್ನು ರೂಪಿಸಿದ ಆಸ್ಕರ್ ಬಾರ್ನಾಕ್ ಸ್ವತಃ ಬಳಸಿದ ಕ್ಯಾಮೆರಾ. 1920ರ ದಶಕದಲ್ಲಿ ಪ್ರಯೋಗಕ್ಕೆಂದು ಮಾಡಿದ ಕೆಲವೇ ಕೆಲವು ಕ್ಯಾಮೆರಾಗಳಲ್ಲಿ ಒಂದು. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಎಫ್‌ಎಂ2 ಸುಮಾರು ಇಪ್ಪತ್ತು ವರ್ಷ ತಯಾರಾಗಿದೆ, ಅಪರೂಪದ್ದೇನಲ್ಲ. ಫಿಲಂನಲ್ಲಿ ಫೋಟೋ ತೆಗೆಯುವ ಹೊಸ ಹುಡುಗರು ಹುಡುಕುತ್ತಿರುವುದರಿಂದ ಅದಕ್ಕೆ ಬೆಲೆ ಇದೆ. ಅವರಿಗೆ ಬೇಕಾದದ್ದು ಕೆಲಸ ಮಾಡುವ ಕ್ಯಾಮೆರಾ.

ಆನ್‌ಲೈನ್‌ನಲ್ಲಿ ನೀವು ನೋಡಿದ್ದು ಕೇಳುವ ಬೆಲೆ. ಎಷ್ಟೋ ತಿಂಗಳಿಂದ ಮಾರಾಟವಾಗದೆ ಅಲ್ಲೇ ಕೂತಿರುವವೂ ಅದರಲ್ಲಿವೆ. ಮಾರಾಟವಾಗಿದೆ ಎಂದು ಗುರುತು ಹಾಕಿದವನ್ನು ಹುಡುಕಿ ಹೋಲಿಸಿ. ನಿಮ್ಮ ಊರಿನವರು 12 ಸಾವಿರ ಹೇಳಿದ್ದು ಮೋಸ ಅಂತಲೂ ನಾನು ಹೇಳುವುದಿಲ್ಲ. ಶಟರ್ ಓಡುತ್ತದೋ ಇಲ್ಲವೋ, ಗಾಜು ಉಳಿಯುತ್ತದೋ ಇಲ್ಲವೋ, ಏನೂ ತಿಳಿಯದೆ ಕೊಳ್ಳುವವರು ಆ ನಷ್ಟದ ಭಯವನ್ನು ಬೆಲೆಯಿಂದ ಮುರಿದುಕೊಳ್ಳುತ್ತಾರೆ. ನಮ್ಮ ವ್ಯಾಪಾರ ನಡೆಯುವುದೇ ಹಾಗೆ. ಆ ಅನುಮಾನಗಳನ್ನು ನೀವೇ ಬಗೆಹರಿಸಿದಷ್ಟೂ ಬೆಲೆ ಏರುತ್ತದೆ.

ಆದ್ದರಿಂದ ಒಟ್ಟಿಗೆ ಮಾರಬೇಡಿ. ಎಫ್‌ಎಂ2 ಒಂದು, ಯಾಶಿಕಾ ಒಂದು, ಲೆನ್ಸ್‌ಗಳು ಬೇರೆ. ಮೂರು ದಾರಿಗಳಿವೆ. ಅಂಗಡಿಗೆ ನೇರ ಮಾರಿದರೆ ದುಡ್ಡು ಕಡಿಮೆ, ಆದರೆ ಅವತ್ತೇ ಕೈಗೆ ಬರುತ್ತದೆ. ಆಮೇಲೆ ಯಾರೂ ಫೋನ್ ಮಾಡಿ ‘ಇದು ಕೆಟ್ಟಿದೆ’ ಅನ್ನುವುದಿಲ್ಲ. ಅಂಗಡಿಯಲ್ಲಿಟ್ಟು, ಮಾರಾಟವಾದ ಮೇಲೆ ಕಮಿಷನ್ ಕೊಡುವುದು ಎರಡನೆಯದು. ಇಡುವಾಗಲೇ ಸೀರಿಯಲ್ ನಂಬರ್ ಬರೆಸಿ ರಸೀದಿ ತೆಗೆದುಕೊಳ್ಳಿ. ಮೂರನೆಯದು ನೀವೇ ಆನ್‌ಲೈನ್‌ನಲ್ಲಿ ಮಾರುವುದು. ಬೆಲೆ ಚೆನ್ನಾಗಿ ಬರುತ್ತದೆ, ತಲೆನೋವೂ ಅಷ್ಟೇ. ಚೌಕಾಸಿ ಮಾಡದೆ, ನೋಡದೆ, ‘ನಾನು ಸೈನ್ಯದಲ್ಲಿದ್ದೇನೆ, ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎನ್ನುವವರು ಬಂದರೆ ಫೋನ್ ಇಟ್ಟುಬಿಡಿ. ಹಣ ಬರಬೇಕಾದರೆ ಸ್ಕ್ಯಾನ್ ಮಾಡುವುದೂ ಬೇಡ, ಯುಪಿಐ ಪಿನ್ ಒತ್ತುವುದೂ ಬೇಡ. ಫಂಗಸ್ ಇದ್ದರೆ ಇದೆ ಎಂದು ಬರೆದು, ಟಾರ್ಚ್ ಬೆಳಕಿನಲ್ಲಿ ತೆಗೆದ ಫೋಟೋ ಹಾಕಿ. ಮುಚ್ಚಿಟ್ಟು ಮಾರಿದ ಲೆನ್ಸ್ ವಾಪಸ್ ಬಂದೇ ಬರುತ್ತದೆ.

ಇನ್ನು ಡಿ7200. ಅದು 2015ರ ಕ್ಯಾಮೆರಾ, ಈಗಲೂ ಒಳ್ಳೆಯದೇ. ಅದರ ಶಟರನ್ನು 1,50,000 ಸಲದವರೆಗೆ ಪರೀಕ್ಷಿಸಿದ್ದೇವೆ ಎನ್ನುತ್ತದೆ ನಿಕಾನ್. ಅದು ಮುಗಿದ ಮರುದಿನ ಕೆಡುತ್ತದೆ ಎಂದಲ್ಲ, ಅಲ್ಲಿಯವರೆಗೆ ಗ್ಯಾರಂಟಿ ಎಂದೂ ಅಲ್ಲ. 18 ಸಾವಿರ ಎನ್ನುವುದನ್ನು ಅವರು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ನಂಬಬೇಡಿ. ನಿಮ್ಮದೇ ಮೆಮೊರಿ ಕಾರ್ಡ್ ಹಾಕಿ ಒಂದು ಫೋಟೋ ತೆಗೆಯಿರಿ. ನಿಕಾನ್‌ನಲ್ಲಿ ಆ ಫೈಲಿನ ಒಳಗೇ ಕೌಂಟ್ ಇರುತ್ತದೆ, ಎಕ್ಸಿಫ್‌ಟೂಲ್‌ನಂಥ ಉಚಿತ ಸಾಫ್ಟ್‌ವೇರ್ ತೋರಿಸುತ್ತದೆ.

ಆದರೆ ಈ ಅಂಕಿ ಹೇಳದ ಒಂದು ಸಂಗತಿ ಇದೆ. ವಿಡಿಯೋ ತೆಗೆದ ಗಂಟೆಗಳು ಶಟರ್ ಕೌಂಟಿನಲ್ಲಿ ಸೇರುವುದಿಲ್ಲ. ಮದುವೆ ಮನೆಯಲ್ಲಿ ಮುಹೂರ್ತದಿಂದ ಊಟದವರೆಗೆ ವಿಡಿಯೋಗೆ ನಿಂತ ಕ್ಯಾಮೆರಾದ ಕೌಂಟ್ ತೀರಾ ಕಡಿಮೆ ಇರಬಹುದು. ಚಿತ್ರ ಹಿಡಿಯುವ ಸೆನ್ಸರ್ ಮಾತ್ರ ಚೆನ್ನಾಗಿ ಬಿಸಿಯಾಗಿ ದುಡಿದಿರುತ್ತದೆ. ಆಷಾಢ ಬಂತೆಂದರೆ ಇಂಥವು ಅಂಗಡಿಗೆ ಬರಲು ಶುರು. ಕೌಂಟ್ ಕಡಿಮೆ ಇದ್ದು, ಹಿಡಿಯುವ ಕಡೆಯ ರಬ್ಬರ್ ಉಬ್ಬಿದ್ದರೆ, ಲೆನ್ಸ್ ಕೂರುವ ಉಂಗುರ ಸವೆದಿದ್ದರೆ ‘ಏನಕ್ಕೆ ಬಳಸಿದಿರಿ’ ಎಂದು ಕೇಳಿ. ಲೆನ್ಸಿನ ಮುಚ್ಚಳ ಹಾಕಿ, ಐಎಸ್‌ಒ 1600ರಲ್ಲಿ ಕೆಲವು ಸೆಕೆಂಡಿನ ಫೋಟೋ ತೆಗೆಯಿರಿ. ಒಂದೆರಡು ಬಣ್ಣದ ಚುಕ್ಕಿ ಪರವಾಗಿಲ್ಲ, ಗೆರೆ ಬಂದರೆ ಬೇಡ. ಎಫ್ 16ರಲ್ಲಿ ಆಕಾಶದ ಫೋಟೋ ತೆಗೆದರೆ ಸೆನ್ಸರ್ ಮೇಲಿನ ಧೂಳು ಕಾಣುತ್ತದೆ. ಬಾಡಿಯ ಸ್ಕ್ರೂಗಳ ತಲೆ ಕಿತ್ತು ಹೋಗಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಲ್ ಕೇಳಿ. ಹೊರದೇಶದಿಂದ ಕೈಯಲ್ಲಿ ತಂದದ್ದಕ್ಕೆ ಇಲ್ಲಿನ ಬಿಲ್ ಇರುವುದಿಲ್ಲ, ಕದ್ದದ್ದಕ್ಕೂ ಇರುವುದಿಲ್ಲ. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಬಿಲ್ ಇಲ್ಲದಿದ್ದರೆ ಮಾರುವವರ ಗುರುತಿನ ಚೀಟಿಯ ಪ್ರತಿ, ಸೀರಿಯಲ್ ನಂಬರ್ ಬರೆದ ಸಹಿ ಪತ್ರವಾದರೂ ಬೇಕು. ಅಷ್ಟಕ್ಕೂ ಒಪ್ಪದಿದ್ದರೆ ಎದ್ದು ಬನ್ನಿ.

ಈಗ ನಿಮ್ಮ ಲೆಕ್ಕವನ್ನೇ ಸ್ವಲ್ಪ ಬದಲಿಸುವ ಮಾತು. 105 ಲೆನ್ಸ್ ನಿಕಾನ್‌ನ ಎಐ ಅಥವಾ ಎಐ-ಎಸ್ ಎಂಬ ಮಾದರಿಯದಾಗಿದ್ದರೆ ಡಿ7200ಕ್ಕೆ ನೇರ ಕೂರುತ್ತದೆ. ಮೆನುವಿನಲ್ಲಿ ಲೆನ್ಸಿನ ವಿವರ ತುಂಬಿದರೆ ಎ (ಅಪರ್ಚರ್ ನಾವಿಡುವ) ಮತ್ತು ಎಂ (ಎಲ್ಲವನ್ನೂ ನಾವೇ ಇಡುವ) ಮೋಡ್‌ಗಳಲ್ಲಿ ಮೀಟರ್ ಕೂಡ ಕೆಲಸ ಮಾಡುತ್ತದೆ. ಫೋಕಸ್ ಮಾತ್ರ ಕೈಯಲ್ಲೇ ಮಾಡಬೇಕು, ಸರಿಯಾದಾಗ ವ್ಯೂಫೈಂಡರಿನಲ್ಲಿ ಹಸಿರು ಚುಕ್ಕಿ ಬರುತ್ತದೆ. ದುಡ್ಡು ಸಾಲದೆ ಡಿ5600ನಂಥ ಬಾಡಿ ಕೊಂಡರೆ ಲೆನ್ಸ್ ಕೂರುತ್ತದೆ, ಮೀಟರ್ ಓಡುವುದಿಲ್ಲ. ಹಕ್ಕಿಗೆ 105 ಸಾಲದು. ಅದಕ್ಕೆ ಕಡಿಮೆಯೆಂದರೂ 300 ಎಂಎಂ ಬೇಕು. 200–500 ಎಫ್ 5.6 ಚೆನ್ನಾಗಿದೆ, ಆದರೆ 2.3 ಕೆಜಿ ಭಾರ, ಕೊಳ್ಳುವ ಮೊದಲು ಒಮ್ಮೆ ಹಿಡಿದು ನೋಡಿ. ಜನರ ಫೋಟೋಕ್ಕೆ, ತೋಟದ ಹೂವಿಗೆ ಅಪ್ಪನವರ 105 ಇರಲಿ. ನಾನಾದರೆ ಎಫ್‌ಎಂ2, ಯಾಶಿಕಾ ಮಾರಿ ಅದನ್ನು ಉಳಿಸಿಕೊಳ್ಳುತ್ತಿದ್ದೆ. ಅದನ್ನು ಮಾರಿ ಬರುವ ದುಡ್ಡಿಗೆ ಅಷ್ಟು ಒಳ್ಳೆಯ ಲೆನ್ಸ್ ಬೇರೆ ಸಿಗುವುದಿಲ್ಲ.

ಉಳಿಸಿಕೊಂಡದ್ದನ್ನು ಮತ್ತೆ ಆ ಬೀರುವಿಗೆ ಹಾಕಬೇಡಿ. ತೇವಾಂಶ ಶೇ 40–50ರಲ್ಲಿ ಇರಬೇಕು. ಡ್ರೈ ಕ್ಯಾಬಿನೆಟ್ (ಒಳಗಿನ ತೇವಾಂಶವನ್ನು ತಾನೇ ಹತೋಟಿಯಲ್ಲಿಡುವ ಪೆಟ್ಟಿಗೆ) ಒಳ್ಳೆಯದು, ಬೆಲೆ ಜಾಸ್ತಿ ಅನ್ನಿಸಿದರೆ ರಬ್ಬರ್ ಅಂಚಿರುವ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್. ನೀಲಿ ಜೆಲ್ ತೇವ ಕುಡಿದರೆ ಗುಲಾಬಿಯಾಗುತ್ತದೆ, ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಅಡುಗೆ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬೇಡಿ, ನೀಲಿ ಬಣ್ಣದ ರಾಸಾಯನಿಕ ವಿಷ. ಹಿಂದೆ ಸ್ಟುಡಿಯೋದವರು ಬೀರುವಿನಲ್ಲಿ ಸಣ್ಣ ಬಲ್ಬ್ ಉರಿಸಿಡುತ್ತಿದ್ದರಲ್ಲ, ಅದೂ ಕೆಲಸ ಮಾಡುತ್ತಿತ್ತು. ಒಳಗಿನ ಗಾಳಿ ಬೆಚ್ಚಗಾದರೆ ತೇವಾಂಶದ ಪ್ರಮಾಣ ಇಳಿಯುತ್ತದೆ. ಈಗಿನ ಎಲ್‌ಇಡಿ ಬಲ್ಬ್ ಅಷ್ಟು ಕಾಯುವುದಿಲ್ಲ, ಅದನ್ನು ಹಾಕಿ ಪ್ರಯೋಜನವಿಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಯಾವ ಕ್ಯಾಮೆರಾದ ಹಿಂಬಾಗಿಲನ್ನೂ ಇನ್ನೂ ತೆಗೆದಿಲ್ಲದಿದ್ದರೆ ಈಗಲೇ ತೆಗೆಯಬೇಡಿ. ಎಫ್‌ಎಂ2ದಲ್ಲಿ ಎಡಗಡೆಯ ರಿವೈಂಡ್ ಹಿಡಿಕೆಯನ್ನು ಬಾಣದ ದಿಕ್ಕಿಗೆ ಮೆತ್ತಗೆ ತಿರುಗಿಸಿ. ಸುಮ್ನೆ ತಿರುಗುತ್ತಲೇ ಇದ್ದರೆ ಒಳಗೆ ಏನೂ ಇಲ್ಲ. ಬಿಗಿಯಾಗಿ ನಿಂತರೆ ರೋಲ್ ಇದೆ. ಯಾಶಿಕಾದಲ್ಲಿ ಎಣಿಕೆಯ ಕಿಂಡಿಯಲ್ಲಿ ಎಸ್ ಅಕ್ಷರದ ಬದಲು ಅಂಕಿ ಕಂಡರೆ ಅದರಲ್ಲೂ ಇರಬಹುದು. ರೋಲ್ ಇದ್ದರೆ ಕ್ಯಾಮೆರಾವನ್ನು ಹಾಗೇ ಫಿಲಂ ಡೆವಲಪ್ ಮಾಡುವ ಲ್ಯಾಬಿಗೆ ಒಯ್ಯಿರಿ, ಹಳೇ ರೋಲ್ ಎಂದು ಹೇಳಿ ಕೊಡಿ. ಕಪ್ಪು-ಬಿಳುಪಾಗಿದ್ದರೆ ಇಷ್ಟು ವರ್ಷದ ಮೇಲೂ ಚಿತ್ರ ಬರುವ ಸಾಧ್ಯತೆ ಚೆನ್ನಾಗಿದೆ. ಕಲರ್ ಆಗಿದ್ದರೆ ಬಣ್ಣ ಮಾಸಿರುತ್ತದೆ, ಆದರೂ ತೊಳೆಸಿ ನೋಡಿ. ಆಮೇಲೆ ಮಾರುವ ವಿಚಾರ.